ನೌಕಾಪಡೆಗೆ ಎಷ್ಟು ಹಡಗು ಬೇಕು? ಈ ಲೆಕ್ಕ ಮಾಡುವ ಬಗೆ

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಶಹಾಪುರದವಳು. ಕಲಬುರಗಿಯಲ್ಲಿ ಕಂಪ್ಯೂಟರ್ ಸೈನ್ಸ್ ಕೊನೇ ವರ್ಷ ಓದುತ್ತಿದ್ದೇನೆ. ನೌಕಾಪಡೆಗೆ ಎಷ್ಟು ಹಡಗು ಬೇಕು, ಅದಕ್ಕೆ ಎಷ್ಟು ಖರ್ಚು ಬರುತ್ತದೆ ಎಂದು ಕಂಪ್ಯೂಟರ್ ಮಾದರಿಯಿಂದ ಲೆಕ್ಕ ಹಾಕುವ ಪ್ರಾಜೆಕ್ಟ್ ಮಾಡಬೇಕು ಅಂತ ನಮ್ಮ ಮೂವರ ತಂಡಕ್ಕೆ ಆಸೆ. ನಮ್ಮ ಗೈಡ್ ಸರ್ ಮಾತ್ರ "ಶಹಾಪುರದಿಂದ ಸಮುದ್ರ ಎಷ್ಟು ದೂರ ಅದ ಗೊತ್ತದೇನು? ಇದಕ್ಕ ಡೇಟಾ ಎಲ್ಲಿಂದ ತರ್ತೀರಿ?" ಅಂದರು. ವಿಮಾನವಾಹಕ ಹಡಗು ವಿಕ್ರಾಂತ್‌ಗೆ 20,000 ಕೋಟಿ ಆಯ್ತು ಅಂತ ಓದಿದ್ದೇವೆ. ಬಜೆಟ್ಟನ್ನು ಒಂದು ಹಡಗಿನ ಬೆಲೆಯಿಂದ ಭಾಗಿಸಿದರೆ ಎಷ್ಟು ಹಡಗು ಅಂತ ಗೊತ್ತಾಗುವುದಿಲ್ಲವೇ? ನಿಜವಾಗಿ ಹೇಗೆ ಮಾಡುತ್ತಾರೆ, ಸರ್?

ಉತ್ತರ: ಖಂಡಿತ ಮಾಡಿ. ನಿಮ್ಮ ಸರ್ ಎತ್ತಿದ ಡೇಟಾದ ಪ್ರಶ್ನೆ ಸರಿಯಾಗಿಯೇ ಇದೆ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ದೂರದ ಚಿಂತೆ ಬೇಡ. ಇಂಥ ಲೆಕ್ಕಗಳನ್ನು ಮಾಡುವ ಡಿಆರ್‌ಡಿಓದ ಇನ್‌ಸ್ಟಿಟ್ಯೂಟ್ ಫಾರ್ ಸಿಸ್ಟಮ್ಸ್ ಸ್ಟಡೀಸ್ ಅಂಡ್ ಅನಾಲಿಸಿಸ್ ಇರುವುದು ದೆಹಲಿಯಲ್ಲಿ. ನನ್ನ ನೌಕರಿಯೂ ಇದೇ ಬಗೆಯ ಲೆಕ್ಕದಲ್ಲೇ ಕಳೆಯಿತು. ಈ ವಿಷಯ ಆರಿಸಿಕೊಂಡ ಹುಡುಗಿಯೊಬ್ಬಳು ನಮ್ಮ ಕಡೆಯಿಂದ ಬರೆದಿದ್ದಾಳೆ ಅಂತ ಓದಿ ತುಂಬಾ ಖುಷಿಯಾಯಿತು.

ಮೊದಲು ನಿಮ್ಮ ಭಾಗಾಕಾರ ಬಿಡಿಸೋಣ. ವಿಕ್ರಾಂತ್ 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ನೌಕಾಪಡೆಗೆ ಸೇರಿತು. ಸುಮಾರು 20,000 ಕೋಟಿ ಎಂಬ ಅಂಕಿ ಸರಿ. ಆದರೆ ಅದರಲ್ಲಿ ವಿಮಾನಗಳ ಬೆಲೆ ಸೇರಿಲ್ಲ. 2025ರ ಏಪ್ರಿಲ್‌ನಲ್ಲಿ ನೌಕಾಪಡೆಗೆ 26 ರಫೇಲ್ ಮರೀನ್ ವಿಮಾನ ಕೊಳ್ಳಲು ಒಪ್ಪಂದವಾಯಿತು. ಶಸ್ತ್ರ, ತರಬೇತಿ, ನಿರ್ವಹಣೆ ಎಲ್ಲ ಸೇರಿ ಅದು ಸುಮಾರು 63,000 ಕೋಟಿ. ಅಂದರೆ ಹಡಗಿಗಿಂತ ಅದರ ಮೇಲೆ ಹಾರುವ ವಿಮಾನಗಳೇ ಮೂರು ಪಟ್ಟು ತುಟ್ಟಿ. ವಿಮಾನವಿಲ್ಲದ ವಿಮಾನವಾಹಕ ಹಡಗಿನಿಂದ ಏನು ಪ್ರಯೋಜನ, ಅಲ್ವಾ? ಇದರ ಮೇಲೆ ಮೂವತ್ತು ನಲವತ್ತು ವರ್ಷ ಇಂಧನ, ಸಂಬಳ, ರಿಪೇರಿ, ಬಿಡಿಭಾಗ. ಯುದ್ಧನೌಕೆಯ ಇಡೀ ಆಯುಷ್ಯದ ಖರ್ಚು ನೂರು ರೂಪಾಯಿ ಅಂದರೆ, ಕೊಳ್ಳುವ ಬೆಲೆ ಅದರಲ್ಲಿ ಮೂವತ್ತರ ಆಸುಪಾಸು. ಉಳಿದ ಎಪ್ಪತ್ತು ನಡೆಸುವುದಕ್ಕೆ ಹೋಗುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವ ಅಂದಾಜು. ಹಾಗಾಗಿ ಕೊಳ್ಳುವ ಬೆಲೆಯಿಂದ ಬಜೆಟ್ ಭಾಗಿಸಿದವರು ನಡೆಸಲಾಗದಷ್ಟು ಹಡಗು ಕೊಂಡು ಕೂರುತ್ತಾರೆ.

ನಾವು ಕೇಳುವ ಪ್ರಶ್ನೆ ಬೇರೆ. ಬೇಕಾದ ಜಾಗದಲ್ಲಿ, ವರ್ಷದ ಎಲ್ಲ ದಿನವೂ, ಒಂದು ಹಡಗು ನಿಂತಿರಬೇಕು. ಅದಕ್ಕೆ ಬಂದರಿನಲ್ಲಿರುವವೂ ಸೇರಿ ಒಟ್ಟು ಎಷ್ಟು ಹಡಗು ಬೇಕು? ಅಲ್ಲಿ ನಿಂತ ಹಡಗಿನ ಒಂದು ದಿನಕ್ಕೆ ಎಷ್ಟು ಖರ್ಚು? ಮಾದರಿ ಹುಟ್ಟುವುದೇ ಈ ಎರಡು ಪ್ರಶ್ನೆಯಿಂದ.

ಒಂದು ಉದಾಹರಣೆ ಕೈಯಲ್ಲೇ ಮಾಡಿ ನೋಡೋಣ. ನಮ್ಮ ನೌಕಾಪಡೆ 2008ರ ಅಕ್ಟೋಬರ್‌ನಿಂದ ಏಡನ್ ಕೊಲ್ಲಿಯಲ್ಲಿ ಕಡಲ್ಗಳ್ಳರ ವಿರುದ್ಧ ಗಸ್ತು ನಡೆಸುತ್ತಿದೆ. ಮುಂಬೈಯಿಂದ ಏಡನ್‌ಗೆ ಸುಮಾರು 1,650 ನಾಟಿಕಲ್ ಮೈಲಿ. 15 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 15 ನಾಟಿಕಲ್ ಮೈಲಿಯಂತೆ, ಹೋದರೆ 110 ಗಂಟೆ. ಇಂಧನ ತುಂಬಿಸುವುದು ಅದು ಇದು ಸೇರಿಸಿ ಹೋಗಲು 5 ದಿನ, ಬರಲು 5 ದಿನ ಅನ್ನಿ. ಇನ್ನು ಮುಂದಿನ ಅಂಕಿಗಳು ಕಲಿಕೆಗಾಗಿ ನಾನು ಹಿಡಿದುಕೊಂಡವು, ನೌಕಾಪಡೆಯವಲ್ಲ. ಒಂದು ಹಡಗು ಒಂದು ಸಲಕ್ಕೆ 60 ದಿನ ಹೊರಗಿರುತ್ತದೆ. ಅದರಲ್ಲಿ ಗಸ್ತಿಗೆ ಸಿಗುವುದು 50 ದಿನ. ಮರಳಿ ಬಂದ ಮೇಲೆ ಸಣ್ಣ ರಿಪೇರಿ, ರಜೆ, ತರಬೇತಿ ಎಲ್ಲ ಸೇರಿ 120 ದಿನ. ಅಂದರೆ 180 ದಿನದ ಸುತ್ತಿನಲ್ಲಿ 50 ದಿನ ಕೆಲಸ. 180 ಭಾಗಿಸು 50, ಅಂದರೆ 3.6 ಹಡಗು. ಇಷ್ಟಕ್ಕೆ ಮುಗಿಯಲಿಲ್ಲ. ಐದು ವರ್ಷದಲ್ಲಿ ಒಂದು ವರ್ಷ ಹಡಗು ದೊಡ್ಡ ರಿಪೇರಿಗೆ ಡ್ರೈ ಡಾಕ್ (ನೀರು ಖಾಲಿ ಮಾಡಿ ಹಡಗು ರಿಪೇರಿ ಮಾಡುವ ಕಟ್ಟೆ) ಸೇರುತ್ತದೆ. ಆಗ ಕೈಗೆ ಸಿಗುವ ಸಮಯ ಶೇ 80 ಮಾತ್ರ. 3.6 ಭಾಗಿಸು 0.8, ಅಂದರೆ 4.5.

ಏಡನ್ ಕೊಲ್ಲಿಯಲ್ಲಿ ಒಂದು ಹಡಗು ಸದಾ ಇರಬೇಕಾದರೆ ನಮ್ಮ ಬಳಿ ನಾಲ್ಕೂವರೆ ಹಡಗು ಇರಬೇಕು. ಬಹಳ ಜನರಿಗೆ ನಂಬಿಕೆ ಬರದ ಜಾಗ ಇದೇ. ನಿಮ್ಮ ಸರ್‌ಗೂ ಮೊದಲು ಇದನ್ನೇ ತೋರಿಸಿ.

ಈಗ ಈ 4.5 ಇಳಿಸಬೇಕು. ಮೂರು ದಾರಿ ಹಿಡಿದು ನೋಡಿ. ಮೊದಲನೆಯದು, ವೇಗ ಹೆಚ್ಚಿಸುವುದು. 20 ನಾಟ್‌ನಲ್ಲಿ ಹೋದರೆ ಒಂದು ಕಡೆಗೆ ಒಂದು ದಿನಕ್ಕಿಂತ ಸ್ವಲ್ಪ ಹೆಚ್ಚು ಉಳಿಯುತ್ತದೆ. ಗಸ್ತಿಗೆ ಸುಮಾರು 52 ದಿನ ಸಿಗುತ್ತದೆ. ಲೆಕ್ಕ ಸುಮಾರು 4.3ಕ್ಕೆ ಬರುತ್ತದೆ. ಎರಡನೆಯದು, 60 ದಿನದ ಬದಲು 90 ದಿನ ಹೊರಗೆ ಇಡುವುದು. ದಡದ ಸಮಯ 120 ದಿನವೇ ಇದ್ದರೆ ಲೆಕ್ಕ 3.3ಕ್ಕೆ ಬೀಳುತ್ತದೆ. ಭಾರೀ ಲಾಭ ಅನಿಸುತ್ತದೆ. ಆದರೆ ಹಡಗಿನಲ್ಲಿ ಮನುಷ್ಯರಿದ್ದಾರೆ. ಮೂರು ತಿಂಗಳು ಸಮುದ್ರದಲ್ಲಿದ್ದವರಿಗೆ, ಅಷ್ಟು ಓಡಿದ ಯಂತ್ರಕ್ಕೆ, ದಡದ ಸಮಯವೂ ಅದೇ ಪ್ರಮಾಣದಲ್ಲಿ 180 ದಿನಕ್ಕೆ ಏರಬೇಕು. ಆಗ 270 ಭಾಗಿಸು 80, ಅದನ್ನು 0.8ರಿಂದ ಭಾಗಿಸಿದರೆ 4.2. ಮೂರನೆಯದು, ದೊಡ್ಡ ರಿಪೇರಿಯನ್ನು 12 ತಿಂಗಳ ಬದಲು 9 ತಿಂಗಳಲ್ಲಿ ಮುಗಿಸುವುದು. ಸಿಗುವ ಸಮಯ ಶೇ 85 ಆಗುತ್ತದೆ. 3.6 ಭಾಗಿಸು 0.85. ಇದೂ 4.2.

ಮೂರೂ ದಾರಿ ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಂತವು. ಯಾವುದನ್ನು ಹಿಡಿಯಬೇಕು? ಖರ್ಚಿನ ವಿಶ್ಲೇಷಣೆ ಶುರುವಾಗುವುದು ಇಲ್ಲಿಂದ. ಹಡಗಿನ ವೇಗ ಹೆಚ್ಚಿಸಿದರೆ ಬೇಕಾಗುವ ಶಕ್ತಿ ಹೆಚ್ಚುಕಡಿಮೆ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 15ರಿಂದ 20 ನಾಟ್‌ಗೆ ಹೋದರೆ ಗಂಟೆಗೆ ಸುಡುವ ಇಂಧನ ಸುಮಾರು 2.4 ಪಟ್ಟು. ಬೇಗ ತಲುಪುವುದನ್ನು ಕಳೆದರೂ ಅದೇ ದೂರಕ್ಕೆ ಶೇ 78ರಷ್ಟು ಜಾಸ್ತಿ. ಇದು ಪ್ರತಿ ಪ್ರಯಾಣಕ್ಕೂ, ಹಡಗಿನ ಆಯುಷ್ಯ ಪೂರ್ತಿ, ಕಟ್ಟಬೇಕಾದ ದುಡ್ಡು. ದೀರ್ಘ ಗಸ್ತಿನ ಖರ್ಚು ಮನೆಯವರಿಂದ ದೂರ ಉಳಿದ ನಾವಿಕರ ಮೇಲೆ ಬೀಳುತ್ತದೆ. ನೌಕರಿ ಬಿಟ್ಟವರ ಜಾಗಕ್ಕೆ ಹೊಸಬರನ್ನು ತಯಾರು ಮಾಡಲು ವರ್ಷಗಳು ಬೇಕು. ಅದನ್ನೂ ರೂಪಾಯಿಯಲ್ಲಿ ಬರೆಯಲೇಬೇಕು, ಇಲ್ಲದಿದ್ದರೆ ಮಾದರಿ ಅದನ್ನು ಸೊನ್ನೆ ಅಂದುಕೊಳ್ಳುತ್ತದೆ. ರಿಪೇರಿ ಬೇಗ ಮುಗಿಸಲು ಬಿಡಿಭಾಗ ಮೊದಲೇ ತಂದಿಡಬೇಕು, ಇನ್ನೊಂದು ಪಾಳಿ ಕೆಲಸಗಾರರು ಬೇಕು. ಇದರ ದುಡ್ಡು ಮುಂಗಡವಾಗಿ ಹೋಗುತ್ತದೆ, ಲಾಭ ನಿಧಾನವಾಗಿ ಬರುತ್ತದೆ. ಹಾಗಾಗಿ ಇವತ್ತಿನ ರೂಪಾಯಿ ಮತ್ತು ಹತ್ತು ವರ್ಷದ ನಂತರದ ರೂಪಾಯಿಯನ್ನು ಒಂದೇ ವರ್ಷದ ಬೆಲೆಗೆ ತಂದು ಹೋಲಿಸಬೇಕು. ನಿವ್ವಳ ವರ್ತಮಾನ ಮೌಲ್ಯ ಅಂತ ನಿಮ್ಮ ಅರ್ಥಶಾಸ್ತ್ರದ ಪೇಪರಿನಲ್ಲಿ ಬಂದಿರುತ್ತದೆ, ಅದೇ.

ನನ್ನ ಅಭಿಪ್ರಾಯ ಕೇಳಿದರೆ, ಇಂಥ ಹೋಲಿಕೆಯಲ್ಲಿ ರಿಪೇರಿ ಮತ್ತು ಬಿಡಿಭಾಗಕ್ಕೆ ಹಾಕಿದ ದುಡ್ಡೇ ಹೆಚ್ಚಾಗಿ ಗೆಲ್ಲುತ್ತದೆ. ಆದರೂ ಅದಕ್ಕೇ ಕೊನೆಗೆ ಹಣ ಸಿಗುವುದು, ಅದೂ ಉಳಿದರೆ. ಸಿಎಜಿ 2016ರ ವರದಿಯಲ್ಲಿ ನೌಕಾಪಡೆಯ ಮಿಗ್-29ಕೆ ವಿಮಾನಗಳ ಬಗ್ಗೆ ಬರೆದದ್ದನ್ನು ಓದಿ. ಹಾರಲು ಸಿದ್ಧವಿದ್ದ ಪ್ರಮಾಣ ಶೇ 16ರಿಂದ 38ರೊಳಗೆ ಇತ್ತು. ನೂರು ವಿಮಾನಕ್ಕೆ ದುಡ್ಡು ಕೊಟ್ಟು ಇಪ್ಪತ್ತೋ ಮೂವತ್ತೋ ಹಾರಿದರೆ, ಹಾರುವ ಒಂದು ವಿಮಾನದ ಬೆಲೆ ಮೂರರಿಂದ ಐದು ಪಟ್ಟಾಯಿತು. ನಿಮ್ಮ ಮಾದರಿಯಲ್ಲಿ ಈ ಭಾಗಾಕಾರಕ್ಕೆ ಒಂದು ಕಾಲಂ ಇರಲೇಬೇಕು.

ಒಂದು ಎಚ್ಚರಿಕೆ. 4.5 ಇರಲಿ, 4.2 ಇರಲಿ, ಒಂದೇ ಜಾಗಕ್ಕಾದರೆ ಕೊಳ್ಳಬೇಕಾದದ್ದು 5 ಹಡಗೇ. ಹಡಗು ತುಂಡುತುಂಡಾಗಿ ಸಿಗುವುದಿಲ್ಲ. ನಾಲ್ಕು ಜಾಗಕ್ಕೆ ಲೆಕ್ಕ ಹಾಕಿದಾಗ 18 ಇದ್ದದ್ದು 17 ಆಗಿ, ಒಂದು ಹಡಗು ಉಳಿಯುತ್ತದೆ. ಆದ್ದರಿಂದ ಇಡೀ ಪಡೆಯನ್ನು ಒಟ್ಟಿಗೆ ನೋಡದೆ ಉಳಿತಾಯದ ಮಾತು ಆಡಬೇಡಿ.

ಇಲ್ಲಿಯವರೆಗೆ ಕಂಪ್ಯೂಟರ್ ಬೇಕಾಗಿಲ್ಲ, ಎಕ್ಸೆಲ್ ಸಾಕು. ಕಂಪ್ಯೂಟರ್ ನಿಜವಾಗಿ ಬೇಕಾಗುವುದು ಸರಾಸರಿ ನಮ್ಮನ್ನು ದಾರಿ ತಪ್ಪಿಸುವ ಕಡೆ. 12 ತಿಂಗಳ ರಿಪೇರಿ ಒಮ್ಮೆ 10ಕ್ಕೆ ಮುಗಿಯುತ್ತದೆ, ಒಮ್ಮೆ 19ಕ್ಕೆ ಎಳೆಯುತ್ತದೆ. ಎರಡು ಹಡಗು ಒಟ್ಟಿಗೆ ಕೆಟ್ಟರೆ ಗಸ್ತಿನ ಜಾಗ ಖಾಲಿ. ಇದಕ್ಕೆ ಮಾಂಟೆ ಕಾರ್ಲೋ ವಿಧಾನ. 1946ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ಗಣಿತಜ್ಞ ಸ್ಟಾನಿಸ್ಲಾ ಉಲಾಮ್‌ಗೆ ಹೊಳೆದದ್ದು. ಪ್ರತಿ ರಿಪೇರಿಯ ಅವಧಿಯನ್ನು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಆರಿಸುತ್ತದೆ, ಇಪ್ಪತ್ತು ವರ್ಷ ಓಡಿಸುತ್ತದೆ, ಜಾಗ ಎಷ್ಟು ದಿನ ಖಾಲಿ ಬಿತ್ತು ಎಂದು ಬರೆದಿಡುತ್ತದೆ. ಇದನ್ನೇ ಹತ್ತು ಸಾವಿರ ಸಲ ಮಾಡುತ್ತದೆ. ಕೊನೆಗೆ ನಿಮ್ಮ ಕೈಗೆ ಬರುವುದು "5 ಹಡಗಿದ್ದರೆ ವರ್ಷಕ್ಕೆ ಇಷ್ಟು ದಿನ ಖಾಲಿ, 6 ಇದ್ದರೆ ಇಷ್ಟು" ಎಂಬ ಉತ್ತರ. ಆ ಆರನೇ ಹಡಗಿಗೆ ಅಷ್ಟು ದುಡ್ಡು ಹಾಕಬೇಕೇ ಎಂದು ತೀರ್ಮಾನಿಸಬೇಕಾದದ್ದು ಸರ್ಕಾರ. ಮಾದರಿಯ ಕೆಲಸ ಅಲ್ಲಿಗೆ ಮುಗಿಯುತ್ತದೆ.

ಡ್ರೈ ಡಾಕ್ ಒಂದೇ ಇದ್ದರೆ ಇನ್ನೊಂದು ತೊಂದರೆ ಸೇರುತ್ತದೆ. ಹಡಗುಗಳು ಸರದಿ ನಿಲ್ಲುತ್ತವೆ. ಸರದಿ ಸಿದ್ಧಾಂತದ ಅತಿ ಸರಳ ಮಾದರಿಯಲ್ಲಿ, ಹಡಗುಗಳು ಹೇಳದೆ ಕೇಳದೆ ಬರುತ್ತಿದ್ದರೆ, ಡಾಕ್ ಅರ್ಧ ಹೊತ್ತು ತುಂಬಿದ್ದಾಗ ಸರಾಸರಿ ಕಾಯುವ ಸಮಯ ಒಂದು ರಿಪೇರಿಯಷ್ಟು. ಶೇ 80 ತುಂಬಿದ್ದಾಗ ನಾಲ್ಕು ರಿಪೇರಿಯಷ್ಟು. ಶೇ 90 ಆದರೆ ಒಂಬತ್ತು. ನಿಜದಲ್ಲಿ ರಿಪೇರಿಗೆ ವೇಳಾಪಟ್ಟಿ ಇರುವುದರಿಂದ ಇಷ್ಟು ಕೆಡುವುದಿಲ್ಲ. ಆದರೂ ಡಾಕ್ ಖಾಲಿ ಬಿದ್ದಿದೆ ಅಂತ ಆಡಿಟ್‌ನವರು ಬೇಸರ ಮಾಡಿಕೊಂಡಾಗ ಈ ಅಂಕಿಗಳನ್ನು ತೋರಿಸಬೇಕು. ಸ್ವಲ್ಪ ಖಾಲಿ ಇದ್ದರೇನೇ ಕೆಲಸ ಓಡುವುದು.

ಇನ್ನು ಬೆಲೆಯ ಅಂದಾಜು. ನಮ್ಮ ಇನ್ನೊಂದು ವಿಮಾನವಾಹಕ ಹಡಗು ವಿಕ್ರಮಾದಿತ್ಯದ ಕಥೆ ನಮಗೆ ಹತ್ತಿರದ್ದು, ಅದರ ನೆಲೆ ನಮ್ಮ ಕಾರವಾರವೇ. 2004ರಲ್ಲಿ ರಷ್ಯಾದ ಹಳೆಯ ಗೋರ್ಷ್ಕೋವ್ ಹಡಗನ್ನು ಹೊಸದು ಮಾಡಿಕೊಡಲು 97.4 ಕೋಟಿ ಡಾಲರ್ ಎಂದು ಒಪ್ಪಂದವಾಯಿತು. 2010ರ ಹೊತ್ತಿಗೆ ಅದು 235 ಕೋಟಿ ಡಾಲರ್ ಆಯಿತು. 2008ಕ್ಕೆ ಬರಬೇಕಿದ್ದ ಹಡಗು ಸೇವೆಗೆ ಸೇರಿದ್ದು 2013ರ ನವೆಂಬರ್‌ನಲ್ಲಿ. ಹಳೆ ಹಡಗನ್ನು ಬಿಚ್ಚಿದ ಮೇಲೆಯೇ ಕೆಲಸ ಎಷ್ಟಿದೆ ಅಂತ ಗೊತ್ತಾಗಿದ್ದು. ಕೇಬಲ್ ಹಾಕುವ ಕೆಲಸ ಒಂದೇ ಮೊದಲಿನ ಅಂದಾಜನ್ನು ಮೀರಿ ಬೆಳೆಯಿತು. ಹೊಸ ಹಡಗಿಗಾದರೆ ಇದೇ ಬಗೆಯ ಹಿಂದಿನ ಹಡಗುಗಳ ತೂಕ ಮತ್ತು ಬೆಲೆಯಿಂದ ಒಂದು ಸೂತ್ರ ಹೊರಡಿಸಬಹುದು. ಹಳೆ ಹಡಗಿನ ಮಾರ್ಪಾಡಿಗೆ ಅಂಥ ಸೂತ್ರ ಕೈಕೊಡುತ್ತದೆ. ಹಾಗಾಗಿ ಬೆಲೆಗೆ ಒಂದೇ ಅಂಕಿ ಬರೆಯಬೇಡಿ. ಕೆಳಗಿನ ಮಿತಿ, ಮೇಲಿನ ಮಿತಿ, ನಡುವೆ ಹೆಚ್ಚು ಸಾಧ್ಯವಿರುವ ಅಂಕಿ, ಮೂರನ್ನೂ ಕೊಡಿ.

ಸಂಖ್ಯೆ ಮತ್ತು ಬೆಲೆ ಒಂದಕ್ಕೊಂದು ಅಂಟಿಕೊಂಡಿವೆ ಎಂಬುದನ್ನೂ ಮರೆಯಬೇಡಿ. 1936ರಲ್ಲಿ ಟಿ.ಪಿ. ರೈಟ್ ಎಂಬ ಎಂಜಿನಿಯರ್ ವಿಮಾನ ಕಾರ್ಖಾನೆಯಲ್ಲಿ ಒಂದು ನಿಯಮ ಗುರುತಿಸಿದ. ತಯಾರಿಕೆ ದುಪ್ಪಟ್ಟಾದಾಗಲೆಲ್ಲ ಒಂದಕ್ಕೆ ಬೇಕಾದ ದುಡಿಮೆ ಒಂದು ನಿಗದಿತ ಪ್ರಮಾಣದಲ್ಲಿ ಇಳಿಯುತ್ತದೆ. ಹಡಗಿಗೆ ಅದು ಶೇ 90ಕ್ಕೆ ಇಳಿಯುತ್ತದೆ ಅಂತ ಹಿಡಿಯಿರಿ. ಮೊದಲನೆಯದಕ್ಕೆ 100, ಎರಡನೆಯದಕ್ಕೆ 90, ನಾಲ್ಕನೆಯದಕ್ಕೆ 81. ಈಗ ನಮ್ಮ ನೀಲಗಿರಿ ವರ್ಗದ ಏಳು ಫ್ರಿಗೇಟ್ (ಮಧ್ಯಮ ಗಾತ್ರದ ಯುದ್ಧನೌಕೆ) ತೆಗೆದುಕೊಳ್ಳಿ. ನಾಲ್ಕು ಮುಂಬೈನ ಮಝಗಾಂವ್ ಡಾಕ್‌ಗೆ, ಮೂರು ಕೋಲ್ಕತ್ತದ ಗಾರ್ಡನ್ ರೀಚ್‌ಗೆ ಹಂಚಿದರು. ಏಳೂ ಒಂದೇ ಕಡೆ ಕಟ್ಟಿದ್ದರೆ ನಮ್ಮ ಸೂತ್ರದಲ್ಲಿ ಒಟ್ಟು ದುಡಿಮೆ 584. ಹಂಚಿದರೆ 630. ಸುಮಾರು ಶೇ 8 ಜಾಸ್ತಿ. ಆದರೆ ಹಡಗು ಬೇಗ ಕೈಸೇರುತ್ತವೆ, ಎರಡು ಕಡೆ ಕಸುಬು ಉಳಿಯುತ್ತದೆ. ನನಗೆ ಆ ಶೇ 8 ಕೊಡುವುದೇ ಸರಿ ಅನಿಸುತ್ತದೆ. ಬೇರೆಯವರು ಒಪ್ಪದಿರಬಹುದು, ಆದರೆ ಎಷ್ಟು ಕೊಡುತ್ತಿದ್ದೇವೆ ಅಂತ ಗೊತ್ತಿದ್ದು ಕೊಡಬೇಕು. ಅಮೆರಿಕದ ಝಮ್‌ವಾಲ್ಟ್ ಹಡಗುಗಳಲ್ಲಿ ಇದು ಉಲ್ಟಾ ಹೊಡೆಯಿತು. 32 ಕಟ್ಟುವ ಯೋಜನೆ 3ಕ್ಕೆ ನಿಂತಿತು. ವಿನ್ಯಾಸಕ್ಕೆ ಸುರಿದ ಹಣವೆಲ್ಲ ಆ ಮೂರರ ತಲೆ ಮೇಲೆ ಬಿತ್ತು.

ಕಾದಾಟದ ಮಾದರಿಯನ್ನು ನಿಮ್ಮ ಪ್ರಾಜೆಕ್ಟಿಗೆ ಸೇರಿಸಬೇಡಿ ಅನ್ನುತ್ತೇನೆ, ಆದರೆ ಅದರ ಸ್ವಭಾವ ತಿಳಿದಿರಲಿ. ಅಮೆರಿಕ ನೌಕಾಪಡೆಯ ಕ್ಯಾಪ್ಟನ್ ವೇಯ್ನ್ ಹ್ಯೂಸ್ ಕ್ಷಿಪಣಿ ಯುದ್ಧಕ್ಕೆ ಒಂದು ಸರಳ ಸಮೀಕರಣ ಕೊಟ್ಟರು. ಎದುರಾಳಿಯ ಕ್ಷಿಪಣಿಗಳಲ್ಲಿ ನಾವು ಹೊಡೆದುರುಳಿಸಿದ್ದನ್ನು ಕಳೆಯಬೇಕು. ಉಳಿದದ್ದನ್ನು ಒಂದು ಹಡಗು ತಡೆದುಕೊಳ್ಳುವ ಏಟಿನಿಂದ ಭಾಗಿಸಬೇಕು. ನಮ್ಮ ಎರಡು ಹಡಗು ತಲಾ 5 ಕ್ಷಿಪಣಿ ತಡೆಯುತ್ತವೆ, 2 ಏಟು ಬಿದ್ದರೆ ಒಂದು ಹಡಗು ಹೋಗುತ್ತದೆ ಅನ್ನಿ. ಎದುರಿಗೆ ಮೂರು ಹಡಗು. ಅವು ತಲಾ 3 ಕ್ಷಿಪಣಿ ಬಿಟ್ಟರೆ ನಮಗೆ ಏನೂ ಆಗುವುದಿಲ್ಲ. ತಲಾ 4 ಬಿಟ್ಟರೆ ಒಂದು ಹಡಗು ಹೋಯಿತು. ತಲಾ 5 ಬಿಟ್ಟರೆ ಎರಡೂ ಹೋದವು. ಒಂದೇ ಊಹೆ 3ರಿಂದ 5ಕ್ಕೆ ಸರಿದರೆ ಪೂರ್ತಿ ಗೆಲುವು ಪೂರ್ತಿ ಸೋಲಾಗುತ್ತದೆ. ಇಷ್ಟು ಸೂಕ್ಷ್ಮವಾದ ಮಾದರಿಯಿಂದ ಬಂದ ಉತ್ತರವನ್ನು ಯಾರಾದರೂ ಒಂದೇ ಅಂಕಿಯಲ್ಲಿ ಹೇಳಿದರೆ ನಂಬಬೇಡಿ.

ಸರಳ ಲೆಕ್ಕವನ್ನು ಕೀಳಾಗಿ ಕಾಣಬೇಡಿ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಭೌತವಿಜ್ಞಾನಿ ಪ್ಯಾಟ್ರಿಕ್ ಬ್ಲ್ಯಾಕೆಟ್ ಮತ್ತು ಅವರ ಜೊತೆಗಾರರು ಸರಕು ಹಡಗುಗಳ ದೊಡ್ಡ ಗುಂಪೇ ಸುರಕ್ಷಿತ ಎಂದು ತೋರಿಸಿದರು. ಹಡಗು ನಾಲ್ಕು ಪಟ್ಟಾದರೆ ಗುಂಪಿನ ಸುತ್ತಳತೆ ಎರಡೇ ಪಟ್ಟು, ಅಂದರೆ ಕಾವಲು ಹಡಗೂ ಹೆಚ್ಚುಕಡಿಮೆ ಅಷ್ಟೇ ಸಾಕು. ಜಲಾಂತರ್ಗಾಮಿಗಳು ಮುಳುಗಿಸುತ್ತಿದ್ದ ಹಡಗುಗಳ ಸಂಖ್ಯೆ ಗುಂಪು ದೊಡ್ಡದಾದ ಹಾಗೆ ಏರುತ್ತಿರಲಿಲ್ಲ ಎಂಬುದನ್ನು ದಾಖಲೆಗಳಿಂದ ಹೆಕ್ಕಿ ತೆಗೆದರು. ಇದೇ ಬ್ಲ್ಯಾಕೆಟ್ ಅವರನ್ನು ನೆಹರೂ ಕರೆಸಿಕೊಂಡರು. 1948ರಲ್ಲಿ ಅವರು ನಮ್ಮ ರಕ್ಷಣೆಯ ಬಗ್ಗೆ ವರದಿ ಕೊಟ್ಟರು.

ಈಗ ನಿಮ್ಮ ಸರ್ ಕೇಳಿದ ಡೇಟಾ. ಗುಟ್ಟಿನ ಮಾಹಿತಿ ನಿಮಗೆ ಬೇಡ, ಕೇಳಲೂ ಬೇಡಿ. ಬೀದರ್ ವಾಯುನೆಲೆ ಹತ್ತಿರದಲ್ಲಿದೆ ಅಂತ ಅಲ್ಲಿ ಹೋಗಿ ವಿಮಾನ ಎಷ್ಟು, ರಿಪೇರಿ ಎಷ್ಟು ದಿನ ಅಂತ ವಿಚಾರಿಸುವುದು ಖಂಡಿತ ಬೇಡ. ಸಿಎಜಿ ವರದಿ, ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ವರದಿ, ಬಜೆಟ್ ದಾಖಲೆ ಎಲ್ಲರಿಗೂ ಸಿಗುತ್ತವೆ. ಅಮೆರಿಕದ ಕಾಂಗ್ರೆಷನಲ್ ಬಜೆಟ್ ಆಫೀಸ್ ಅಲ್ಲಿನ ನೌಕಾಪಡೆಯ 30 ವರ್ಷದ ಹಡಗು ಯೋಜನೆಯನ್ನು ತಾನೇ ಬೇರೆಯಾಗಿ ಲೆಕ್ಕ ಹಾಕುತ್ತದೆ. ಅದರ ಅಂದಾಜು ನೌಕಾಪಡೆಯ ಅಂದಾಜಿಗಿಂತ ಸಾಮಾನ್ಯವಾಗಿ ಜಾಸ್ತಿ ಬರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ, ಎಲ್ಲಿ ಬೇರೆಯಾಗುತ್ತವೆ ನೋಡಿ. ಇದರಷ್ಟು ಒಳ್ಳೆಯ ಪಾಠ ಯಾವ ಕ್ಲಾಸಿನಲ್ಲೂ ಸಿಗಲಿಕ್ಕಿಲ್ಲ.

ಇದಕ್ಕಿಂತ ಕಷ್ಟದ್ದು, ನಿಮ್ಮ ಮಾದರಿ ಸರಿ ಇದೆ ಅಂತ ತೋರಿಸುವುದು. ಹಡಗಿನ ಮೇಲೆ ಅದನ್ನು ನೀವು ಪರೀಕ್ಷಿಸಲಾರಿರಿ. ಬಸ್ ಡಿಪೋದ ಮೇಲೆ ಪರೀಕ್ಷಿಸಬಹುದು. ಕಲ್ಯಾಣ ಕರ್ನಾಟಕ ಸಾರಿಗೆಯ ಒಂದು ಡಿಪೋಗೆ ಕಾಲೇಜಿನ ಪತ್ರ ಹಿಡಿದು ಹೋಗಿ, ಮ್ಯಾನೇಜರ್ ಅನುಮತಿ ಪಡೆಯಿರಿ. ಶೆಡ್ಯೂಲ್ ಎಷ್ಟು, ಬಸ್ ಎಷ್ಟು, ಡಾಕಿಂಗ್‌ಗೆ (ನಿಗದಿತ ರಿಪೇರಿಗೆ) ನಿಂತವು ಎಷ್ಟು, ಎಫ್‌ಸಿಗೆ ಹೋದವು ಎಷ್ಟು, ಬ್ರೇಕ್‌ಡೌನ್ ಎಷ್ಟು, ಬಸ್ಸಿಲ್ಲದೆ ರದ್ದಾದ ಟ್ರಿಪ್ ಎಷ್ಟು ಎಂದು ಕೇಳಿ ಬರೆದುಕೊಳ್ಳಿ. ಹಡಗಿನ ಲೆಕ್ಕದ ಎಲ್ಲ ಅಂಗವೂ ಇಲ್ಲಿದೆ. ಕೋಡ್ ಬರೆಯಲು ಪೈಥಾನ್‌ನ ಸಿಂಪೈ ಲೈಬ್ರರಿ ಸಾಕು. ಮೊದಲ ಆರು ತಿಂಗಳ ದಾಖಲೆಯಿಂದ ಮಾದರಿ ಕಟ್ಟಿ. ಮುಂದಿನ ಆರು ತಿಂಗಳಲ್ಲಿ ಎಷ್ಟು ಟ್ರಿಪ್ ರದ್ದಾಗುತ್ತವೆ ಎಂದು ಅದರಿಂದ ಹೇಳಿಸಿ. ಆಮೇಲೆ ನಿಜವಾಗಿ ರದ್ದಾದದ್ದರ ಜೊತೆ ಹೋಲಿಸಿ. ತಾಳೆಯಾದರೆ ಅದೇ ಕೋಡಿಗೆ ಹಡಗಿನ ಅಂಕಿ ಹಾಕಿ. ತಾಳೆಯಾಗದಿದ್ದರೆ ಯಾಕೆ ಅಂತ ಡಿಪೋದ ಮೆಕ್ಯಾನಿಕ್‌ಗಳನ್ನೇ ಕೇಳಿ. ನಿಮ್ಮ ಮಾದರಿಯಲ್ಲಿ ಏನು ಬಿಟ್ಟುಹೋಗಿದೆ ಅಂತ ಅವರು ಹೇಳುತ್ತಾರೆ.

ವರದಿಯ ಮೊದಲ ಪುಟದಲ್ಲಿ ಒಂದು ಪಟ್ಟಿ ಹಾಕಿ. ನೀವು ಹಿಡಿದ ಪ್ರತಿ ಊಹೆ, ಅದು ಎಲ್ಲಿಂದ ಬಂತು, ಅದನ್ನು ಶೇ 20 ಮೇಲೆ ಕೆಳಗೆ ಮಾಡಿದರೆ ಹಡಗಿನ ಸಂಖ್ಯೆ ಎಷ್ಟು ಬದಲಾಗುತ್ತದೆ. ಜಾಸ್ತಿ ಬದಲಾಯಿಸುವ ಊಹೆ ಮೇಲೆ ಬರಲಿ. ನಿಮ್ಮ ಸರ್ ಮೊದಲು ಪ್ರಶ್ನೆ ಕೇಳುವುದು ಅದೇ ಸಾಲಿನ ಬಗ್ಗೆ. ಅದಕ್ಕೆ ತಯಾರಾಗಿ ಹೋಗಿ.